ಪಾರವ್ವ ಕೇಳಿದ ವಂಕಿ

ಕಪ್ಪತಗುಡ್ಡದ ನೆಲಮನೆಗಳು
ಚೈತ್ರದ ಐವತ್ತಮೂರನೆಯ ದಿನ, 2189

ನಿಮ್ಮ ಕಾಲದ ಬಾಣಂತಿಯರಿಗೂ, ಅವರ ಆರೈಕೆಗೆ ನಿಂತವರಿಗೂ,

ದಿನಾಂಕ ತಪ್ಪಾಗಿ ಬರೆದಿಲ್ಲ. ಮೊದಲ ಮಳೆ ಬೀಳುವವರೆಗೆ ನಾವು ಚೈತ್ರವನ್ನೇ ಎಣಿಸುತ್ತ ಹೋಗುತ್ತೇವೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನನ್ನ ಹೆಸರು ದಾನಮ್ಮ. ಇಲ್ಲಿನ ಹೆರಿಗೆ ಕೋಣೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ನರ್ಸ್ ಆಗಿದ್ದೇನೆ. ನನ್ನ ತಂಗಿ ಪಾರವ್ವನಿಗೆ ಏನಾಯಿತು ಎಂಬುದನ್ನು ಬರೆಯಬೇಕಾಗಿದೆ.

ಬಿಸಿಲು ತಾಳಲಾರದೆ ನಮ್ಮ ಹಿರಿಯರು ಗುಡ್ಡವನ್ನು ಕೊರೆದು ಮನೆ ಮಾಡಿಕೊಂಡರು. ಅವೇ ನೆಲಮನೆಗಳು. ಗುಡ್ಡದ ನೆತ್ತಿಯಲ್ಲಿ ಮಂಜುಬಲೆಗಳಿವೆ. ಗಾಳಿಯ ತೇವವನ್ನು ಹಿಡಿದು ನೀರಾಗಿಸುವ ಉದ್ದನೆಯ ಬಲೆಗಳು ಅವು. ಪಾರವ್ವ ಆ ಬಲೆಗಳನ್ನು ತೊಳೆದು ಹೊಲಿಯುವ ಕೆಲಸದಲ್ಲಿದ್ದಳು. ಬಲೆ ನಿಂತರೆ ನೀರು ನಿಲ್ಲುತ್ತದೆ, ಹಾಗಾಗಿ ಹೆತ್ತ ತಾಯಂದಿರೂ ನಾಲ್ಕು ತಿಂಗಳಿಗೆ ಕೆಲಸಕ್ಕೆ ಮರಳಬೇಕು. ಅವರು ಹಿಂಡಿಟ್ಟುಹೋದ ಎದೆಹಾಲನ್ನು ಮಕ್ಕಳಿಗೆ ಕುಡಿಸಲು ಹಾಲುಗೂಡು ಎಂಬ ತಂಪು ಕೋಣೆಯಿದೆ. ಅಲ್ಲಿ ಎಂಟು ತೊಟ್ಟಿಲುಗಳು, ಇಬ್ಬರು ಅಜ್ಜಿಯರು.

ಪಾರವ್ವನಿಗೆ ಸಿಸೇರಿಯನ್ ಮಾಡಿ ಹೆಣ್ಣುಮಗು ತೆಗೆದೆವು. ಹೇಮಕ್ಕ ಎಂದು ಹೆಸರಿಟ್ಟೆವು. ಮೂರು ತಿಂಗಳಾದಾಗ ಪಾರವ್ವ ನನ್ನ ಕೋಣೆಗೆ ಬಂದಳು. ಹೊರಗೆ ಹನ್ನೆರಡು ಜನ ಕಾಯುತ್ತಿದ್ದರು.

"ಅಕ್ಕಾ, ನನಗೊಂದು ವಂಕಿ ಹಾಕಿಬಿಡು," ಎಂದಳು. ಬಸಿರು ನಿಲ್ಲದಂತೆ ಗರ್ಭಕೋಶದಲ್ಲಿ ಇಡುವ ತಾಮ್ರದ ಪುಟ್ಟ ಸಾಧನಕ್ಕೆ ನಾವೂ ವಂಕಿ ಎಂದೇ ಅನ್ನುತ್ತೇವೆ.

"ಮೊಲಿ ಕುಡಸಾಕತ್ತೀಯಲ್ಲ, ಮುಟ್ಟೂ ಆಗಿಲ್ಲ. ಈಗ್ಯಾಕ ಅವಸರ? ಮುಂದ ನೋಡೂಣು," ಎಂದೆ.

"ನೀ ಅಂದ್ರ ಆತು ಬಿಡು," ಎಂದು ಮಗುವನ್ನು ಎತ್ತಿಕೊಂಡು ಹೋದಳು.

ನಾನು ಹೇಳಿದ್ದು ಪೂರಾ ಸುಳ್ಳಲ್ಲ. ಮಗು ಮೊಲೆ ಚೀಪಿದಾಗ ಆ ಸುದ್ದಿ ತಾಯಿಯ ಮಿದುಳಿಗೆ ಮುಟ್ಟುತ್ತದೆ. ಮಿದುಳು ಹಾಲು ಊರಿಸುವ ರಸವನ್ನು ಹೆಚ್ಚಿಸುತ್ತದೆ, ಅಂಡಾಶಯಕ್ಕೆ ಹೋಗುವ ಅಪ್ಪಣೆಯನ್ನು ತಡೆಯುತ್ತದೆ. ಅಂಡ ಬಲಿಯುವುದಿಲ್ಲ. ಆದರೆ ಇದಕ್ಕೆ ಮೂರು ಷರತ್ತುಗಳಿವೆ. ಮಗುವಿಗೆ ಆರು ತಿಂಗಳು ತುಂಬಿರಬಾರದು. ಮುಟ್ಟು ಮರಳಿರಬಾರದು. ಮಗು ಬೇರೇನನ್ನೂ ತಿನ್ನದೆ ಹಗಲೂ ರಾತ್ರಿಯೂ ತಾಯಿಯ ಮೊಲೆಯನ್ನೇ ಕುಡಿಯುತ್ತಿರಬೇಕು. ಹಗಲು ನಾಲ್ಕು ಗಂಟೆ, ರಾತ್ರಿ ಆರು ಗಂಟೆಗಿಂತ ಹೆಚ್ಚು ಬಿಡುವು ಬೀಳಬಾರದು. ಹಿಂಡಿ ತೆಗೆದ ಹಾಲು ಮಗುವಿನ ಹೊಟ್ಟೆ ತುಂಬಿಸುತ್ತದೆ, ಆದರೆ ಮಗು ಚೀಪಿದಷ್ಟು ಗಟ್ಟಿಯಾಗಿ ಅಂಡವನ್ನು ತಡೆಯುವುದಿಲ್ಲ. ಇದೆಲ್ಲ ನನಗೆ ಬಾಯಿಪಾಠವಾಗಿತ್ತು. ಮುಂದಿನ ತಿಂಗಳು ಅವಳು ದಿನಕ್ಕೆ ಒಂಬತ್ತು ಗಂಟೆ ಗುಡ್ಡದ ಮೇಲಿರುತ್ತಾಳೆ ಎಂಬುದೂ ಗೊತ್ತಿತ್ತು. ಎರಡನ್ನೂ ಜೋಡಿಸಿ ನೋಡಲಿಲ್ಲ.

ಹೇಮಕ್ಕನಿಗೆ ಎಂಟು ತಿಂಗಳಾದಾಗ ಪಾರವ್ವ ಮತ್ತೆ ಬಂದಳು. ಊಟ ಸೇರುತ್ತಿರಲಿಲ್ಲ, ಬಿಸಿಲಿಗೆ ಹೀಗಾಗಿದೆ ಎಂದುಕೊಂಡಿದ್ದಳು. ಹೊಟ್ಟೆ ಮುಟ್ಟಿ ನೋಡಿದೆ. ಮೂರು ತಿಂಗಳ ಬಸಿರು.

"ಮುಟ್ಟ ಆಗಿಲ್ಲಲ್ಲಕ್ಕಾ, ಹೆಂಗ ಸಾಧ್ಯ?" ಎಂದಳು.

ಹೆರಿಗೆಯ ನಂತರ ಮೊದಲ ಅಂಡ ಮುಟ್ಟಿಗಿಂತ ಮುಂಚೆಯೇ ಬಿಡುಗಡೆಯಾಗಬಹುದು, ಹಾಗಾದಾಗ ಯಾವ ಮುನ್ಸೂಚನೆಯೂ ಸಿಗುವುದಿಲ್ಲ ಎಂದು ವಿವರಿಸಿದೆ. ಪಾಠ ಒಪ್ಪಿಸುವವಳ ಹಾಗೆ ವಿವರಿಸಿದೆ. ಅವಳು ಕೇಳುತ್ತ ಸೆರಗಿನ ತುದಿಯನ್ನು ಮಡಚುತ್ತಿದ್ದಳು. ಬಸಿರು ಇಳಿಸುವ ಮಾತೆತ್ತಿದೆ. ಅವಳು ಒಪ್ಪಲಿಲ್ಲ. ನನ್ನನ್ನು ಬೈಯಲೂ ಇಲ್ಲ.

ಸಿಸೇರಿಯನ್ನಿನ ಹೊಲಿಗೆ ಒಳಗೆ ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಅಷ್ಟು ಬೇಗ ಇನ್ನೊಂದು ಬಸಿರು ಹೊರುವುದು ಅಪಾಯ ಎಂದು ದಿನ ತುಂಬುವ ಮೊದಲೇ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದ್ದೆವು. ಅದಕ್ಕೆ ಐದು ದಿನ ಮುಂಚೆ, ಮಧ್ಯಾಹ್ನ ಊಟಕ್ಕೆ ಕೂತಾಗ, ಅವಳಿಗೆ ನೋವು ಬಂತು. ಹಳೆಯ ಹೊಲಿಗೆ ಒಳಗೇ ಬಿರಿಯಿತು. ವೈದ್ಯರು ಕೆಳಗಿನ ನೆಲಮನೆಯಿಂದ ಹತ್ತಿ ಬರುವಷ್ಟರಲ್ಲಿ ಮಗು ಹೋಗಿತ್ತು. ಸಂಜೆಗೆ ಪಾರವ್ವ ಹೋದಳು. ಕೊನೆಯವರೆಗೂ ನನ್ನ ಕೈ ಅವಳ ನಾಡಿಯ ಮೇಲಿತ್ತು. ನಾನು ಅಳಲಿಲ್ಲ. ಉಪಕರಣಗಳನ್ನು ಕುದಿಸಿದೆ, ನೆಲ ಒರೆಸಿದೆ, ಹೇಮಕ್ಕನಿಗೆ ಅನ್ನ ಕಲಸಿ ಉಣಿಸಿದೆ. ಇದೆಲ್ಲ ಆಗಿ ಎಂಟು ವರ್ಷವಾಯಿತು. ಅಳು ಇನ್ನೂ ಬಂದಿಲ್ಲ.

ಹೇಮಕ್ಕ ನನ್ನ ಹತ್ತಿರವೇ ಬೆಳೆಯುತ್ತಿದ್ದಾಳೆ. ಹೋದ ವಾರ ತಲೆ ಬಾಚಿಸಿಕೊಳ್ಳುತ್ತ ಕೇಳಿದಳು: "ನಮ್ಮವ್ವ ವಂಕಿ ಕೇಳಿದ್ಲಂತಲ್ಲ ದೊಡ್ಡವ್ವಾ, ನೀ ಯಾಕ ಕೊಡಲಿಲ್ಲ?"

ಹಾಲುಗೂಡಿನ ಅಜ್ಜಿಯರು ಹೇಳಿರಬೇಕು.

"ನನಗ ಎಲ್ಲಾ ಗೊತ್ತೈತಿ ಅಂತ ಆಕಿನ್ನ ಏನೂ ಕೇಳಲಿಲ್ಲವ್ವಾ," ಎಂದೆ.

ಅವಳು "ಹೂಂ," ಎಂದಳು. ನಾನು ಜಡೆ ಹೆಣೆದು ಮುಗಿಸಿದೆ.

ಹಾಲೂಡಿಸುವವರಿಗೂ ಹೊಂದುವ ಸಾಧನಗಳು ನಿಮ್ಮ ಕಾಲದಲ್ಲೇ ಇವೆ: ವಂಕಿ, ನಿರೋಧ್, ಹಾಲು ಕುಗ್ಗಿಸದ ಗುಳಿಗೆ. ಬಾಣಂತಿಯೊಬ್ಬಳು ಬಂದು ಕೇಳಿದರೆ ದಯವಿಟ್ಟು ಮೊದಲು ಅವಳನ್ನು ಕೂರಿಸಿ. ಮಗುವಿಗೆ ಎಷ್ಟು ತಿಂಗಳು, ಮುಟ್ಟು ಬಂತೇ, ದಿನಕ್ಕೆ ಎಷ್ಟು ಹೊತ್ತು ಮಗುವನ್ನು ಬಿಟ್ಟಿರುತ್ತೀಯ ಎಂದು ಕೇಳಿ. ಅವಳು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಹೊರಗೆ ಕಾಯುತ್ತಿರುವವರು ಇನ್ನಷ್ಟು ಹೊತ್ತು ಕಾಯಲಿ.

ನಿಮಗಿಂತ ಬಹಳ ತಡವಾಗಿ ಹುಟ್ಟಿದ
ದಾನಮ್ಮ