ಅಜ್ಜಿಯ ಕರೆಗಂಟೆಯ ತಂತಿ

ಮಾರ್ಚ್ 9, ಬೆಳಗ್ಗೆ 6:40

ಅಣ್ಣಾ,

ಮೇನ್ ಸ್ವಿಚ್ ಆರಿಸಿದ್ದೇನೆ. ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಹಾಕಬೇಡ. ಫ್ರಿಜ್ ಬಾಗಿಲನ್ನೂ ತೆರೆಯಬೇಡ.

ನೀನು ಹಾಕಿಕೊಟ್ಟ ಗಂಟೆಯ ಗುಂಡಿ "ಒತ್ತಿದ್ರೆ ಕಚ್ಚುತ್ತೆ ಕಣೋ" ಎಂದು ಅಜ್ಜಿ ಎರಡು ದಿನದಿಂದ ಹೇಳುತ್ತಿದ್ದರು. "ಹಲ್ಲಿಲ್ಲದ್ದು ಹೇಗಜ್ಜಿ ಕಚ್ಚುತ್ತೆ?" ಎಂದು ನೀನು ತಮಾಷೆ ಮಾಡಿದೆ. ನಾನೂ ನಕ್ಕೆ.

ಈಗ ಬಿಚ್ಚಿ ನೋಡಿದೆ. ಗೋಡೆ ಕೊರೆಯುವ ಕೆಲಸ ಉಳಿಯಲೆಂದು ಗಂಟೆಯ ತಂತಿಯನ್ನು ಫ್ಯಾನಿನ ಕರೆಂಟ್ ವೈರಿನ ಪೈಪಿನೊಳಗೇ ಎಳೆದಿದ್ದೀಯ. ಎಳೆಯುವಾಗ ಎರಡರ ಹೊದಿಕೆಯೂ ತರಚಿದೆ. ಎರಡಕ್ಕೂ ಬೇರೆ ಬೇರೆ ಪೈಪು ಬೇಕು, ನಡುವೆ ಒಂದು ಗೇಣಾದರೂ ಅಂತರವಿರಲಿ.

ಸದ್ಯಕ್ಕೆ ಅಜ್ಜಿಯ ಕೈಗೆ ತಟ್ಟೆ, ಚಮಚ ಕೊಟ್ಟಿದ್ದೇನೆ. ಬಡಿದ ತಕ್ಷಣ ಹೋಗು. ಹೋದಾಗ ತಪ್ಪಾಯಿತು ಎನ್ನು, ನಾನು ಹೇಳಿಯಾಗಿದೆ.

ಗುಂಡಿಯ ತಿರುಪಿನಲ್ಲಿ ಹನ್ನೆರಡು ವೋಲ್ಟ್ ಮೀರಬಾರದಿತ್ತು. ಆರಿಸುವ ಮೊದಲು ಅಳೆದಾಗ ಇದ್ದದ್ದು 118 ವೋಲ್ಟ್.