ಹುಕ್ಕೇರಿಯ ಗುಳಿಗೆ

17 ಜೂನ್ 1999, ಗುರುವಾರ. ಕೊಣ್ಣೂರ
ರೊಟ್ಟಿ ಬಡಿದು ಬುತ್ತಿ ಕಟ್ಟಿ ಇವರನ್ನು ಪಾತ್ರೆ ಅಂಗಡಿಗೆ ಕಳಿಸಿದೆ. ಹೋದದ್ದು ಅಂಗಡಿಗಲ್ಲ, ಹುಕ್ಕೇರಿಗೆ. ಸಂಜೆ ತಾವೇ ಹೇಳಿದರು. ಅಲ್ಲಿ ಲಾಜಿನಲ್ಲಿ ಗುರುವಾರಕ್ಕೊಮ್ಮೆ ಮುರಿಗೆಪ್ಪ ಎಂಬ ಡಾಕ್ಟರ್ ಕೂರುತ್ತಾನಂತೆ. ಶೀಘ್ರಸ್ಖಲನಕ್ಕೆ ಗುಳಿಗೆ ಕೊಟ್ಟಿದ್ದಾನೆ. ಮದುವೆಯಾಗಿ ಎಂಟು ತಿಂಗಳು. ಒಮ್ಮೆಯೂ ಬೇಸರ ತೋರಿಸಿಲ್ಲ ನಾನು. ಆದರೂ ಗೋಡೆ ಕಡೆ ತಿರುಗಿ ಮಲಗುತ್ತಾರೆ...
"ಅವ್ವಗ ಹೇಳಬ್ಯಾಡ, ಪ್ರಣಿತಾ."
ಹೇಳಲ್ಲ ಎಂದೆ.

23 ಜೂನ್
ಬಾಯಿ ಒಣಗುತ್ತದಂತೆ. ಇವತ್ತು ಬಸದಿಯ ಮೆಟ್ಟಿಲ ಮೇಲೆ, ಅತ್ತೆಯ ಕಣ್ಣೆದುರಿಗೇ, ಕಣ್ಣಿಗೆ ಕತ್ತಲೆ ಕಟ್ಟಿ ಕುಳಿತುಬಿಟ್ಟರು. ಎದೆ ಮುಟ್ಟಿ ನೋಡಿದೆ. ಓಡುತ್ತದೆ, ತಡೆಯುತ್ತದೆ, ಮತ್ತೆ ಓಡುತ್ತದೆ. ಮನೆಗೆ ಬಂದ ಮೇಲೆ ಗುಳಿಗೆ ಬಿಡಿರಿ ಎಂದೆ. ನಾಳೆ ಕೇಳಿ ಬರುತ್ತಾರಂತೆ.

24 ಜೂನ್
ಕೇಳಿ ಬಂದರು. "ಗುಣ ಹತ್ತಾಕತ್ತೈತಿ, ಅದಕ್ಕ ಹಂಗ" ಎಂದನಂತೆ. ದಿನಕ್ಕೆ ಒಂದಿದ್ದದ್ದನ್ನು ಎರಡು ಮಾಡಿದ್ದಾನೆ. ನಾಡಿ ಹಿಡಿಯಲಿಲ್ಲ. ಹಿಂದೆ ಯಾವಾಗಲಾದರೂ ಎಚ್ಚರ ತಪ್ಪಿತ್ತೇ ಎಂದೂ ಕೇಳಲಿಲ್ಲ. ಶಾಲೆಯಲ್ಲಿದ್ದಾಗ ಎರಡು ಸಲ ಬಿದ್ದಿದ್ದರು.

19 ಜುಲೈ
ಹದಿನೇಳು ದಿನವಾಯಿತು. ಸ್ನಾನಕ್ಕೆ ಹೋದವರು ಬಚ್ಚಲಲ್ಲೇ... ಬರೆಯಲಾರೆ.
ಉಳಿದ ಗುಳಿಗೆ ಹಿಡಿದು ಗೋಕಾಕಿಗೆ ಹೋದೆ. ಅಲ್ಲಿಯ ಡಾಕ್ಟರ್ ಅಸ್ಫಾಕ ಗುಳಿಗೆ ಪಟ್ಟಿಯ ಹಿಂದಿದ್ದ ಹೆಸರು ಓದಿದರು.
"ಇದು ಮಾನಸಿಕ ರೋಗದ ಗುಳಿಗಿ ಐತ್ರಿ. ಆ ತೊಂದರಿಗೂ ಕೆಲವರು ಕೊಡ್ತಾರ. ಆದ್ರ ಒಬ್ಬೊಬ್ಬರಿಗೆ ಎದಿ ಬಡಿತದ ಲಯಾನ ತಪ್ಪಸತೈತಿ. ಮೊದಲ ಇಸಿಜಿ ತಗೀಬೇಕು. ತಲಿ ತಿರಗಿದ ಕೂಡ್ಲೆ ನಿಲ್ಲಸಬೇಕಿತ್ತು."
ನಿಲ್ಲಿಸಬೇಕಿತ್ತು. ಅವನು ದುಪ್ಪಟ್ಟು ಮಾಡಿದ.
ಬಸ್ಸಿನಲ್ಲಿ ಅಳು ಬರಲಿಲ್ಲ. ಅವನನ್ನು ಹೇಗೆ ಹಾಳು ಮಾಡಲಿ ಎಂದಷ್ಟೇ ಯೋಚಿಸಿದೆ.

20 ಜುಲೈ
ಅತ್ತೆಗೆ ಎಲ್ಲ ಹೇಳಿದೆ. ಊರಿಗೆಲ್ಲ 'ಹಾರ್ಟ್ ಅಟ್ಯಾಕ್' ಎಂದು ಹೇಳಿಕೊಂಡಿದ್ದವರು.
"ಕಂಪ್ಲೇಂಟ್ ಕೊಟ್ಟರ ನನ್ನ ಶ್ರೇಣಿಕನ ಗಂಡಸ್ತನ ಠಾಣೇದಾಗ ಓದ್ತಾರ. ಬಾಯಿ ಮುಚ್ಚಕೊಂಡಿರು."
ಮುರಿಗೆಪ್ಪ ಬದುಕಿರುವುದೇ ಈ ಮುಚ್ಚಿದ ಬಾಯಿಗಳ ಮೇಲೆ.

22 ಜುಲೈ, ಗುರುವಾರ ಸಂಜೆ
ಹೋದೆ. ಲಾಜಿನ ವರಾಂಡದಲ್ಲಿ ಏಳು ಗಂಡಸರು. ನನ್ನನ್ನು ಕಂಡು ಟಾವೆಲ್‌ನಿಂದ ಮುಖ ಮುಚ್ಚಿಕೊಂಡರು. ಬಾಗಿಲು ತೆರೆದಿಟ್ಟೇ ಒಳಗೆ ನಿಂತೆ.
"ಹೆಣ್ಣಮಕ್ಕಳಿಗೆ ಇಲ್ಲಿ ಔಷಧ ಇಲ್ಲವ್ವಾ" ಎಂದ ಮುರಿಗೆಪ್ಪ.
"ತಗೊಳ್ಳಾಕ ಬಂದಿಲ್ಲ. ನನ್ನ ಗಂಡಗ ಕೊಟ್ಟಿದ್ದು ತಿರುಗಿ ಕೊಡಾಕ ಬಂದೇನಿ." ಗುಳಿಗೆ ಮೇಜಿನ ಮೇಲಿಟ್ಟೆ. "ಎರಡು ನುಂಗ್ರಿ. ನನ್ನೆದುರಿಗೇ."
ಮುಟ್ಟಲಿಲ್ಲ. ದನಿ ತಗ್ಗಿಸಿದ. "ನಿನ್ನ ಗಂಡಗ ಏನ ಆಗಿತ್ತಂತ ಯಾರ ಮುಂದ ಹೇಳ್ತಿ?"
ವರಾಂಡದ ಕಡೆ ತಿರುಗಿದೆ. ಜೋರಾಗಿ ಹೇಳಿದೆ. "ನನ್ನ ಗಂಡಗ ಶೀಘ್ರಸ್ಖಲನ ಇತ್ರಿ. ಅದರಿಂದ ಯಾರೂ ಸಾಯೂದಿಲ್ಲ. ಇವನ ಗುಳಿಗಿಯಿಂದ ಸತ್ತಾರ. ನಿಮಗ್ಯಾರಿಗರ ಎದಿ ಡವಡವ ಅಂತೈತೇನ್ರಿ?"
ಒಬ್ಬ ಟಾವೆಲ್ ತೆಗೆದ. ಹತ್ತರಗಿಯ ಚಾಂದಸಾಬ, ಲಾರಿ ಡ್ರೈವರ್. "ನನಗ ಅಂತೈತ್ರಿ ಅಕ್ಕಾರ. ಮೊನ್ನಿ ಸ್ಟೇರಿಂಗ್ ಮ್ಯಾಲೇ ಬಿದ್ದಿದ್ದೆ."
ಮುರಿಗೆಪ್ಪನ ಮುಖ ಬಿಳುಚಿತು. ನೋಡುತ್ತಾ ನಿಂತೆ. ಬೇಕೆಂದೇ ನಿಂತೆ.
ನಾನೂ ಚಾಂದಸಾಬನೂ ಠಾಣೆಗೆ ಹೋದೆವು. "ಗುಳಿಗಿ ತಗೊಂಡಿದ್ದು ಎದಿ ನೋವಿಗೆ ಅಂತ ಬರಿಯೋಣೇನವ್ವಾ?" ಎಂದರು ಪಿಎಸ್ಐ, ಕನಿಕರದಿಂದ.
"ಬ್ಯಾಡ್ರಿ. ಇದ್ದದ್ದ ಬರೀರಿ."

29 ಜುಲೈ
ಲಾಜಿನ ಕೋಣೆಗೆ ಸೀಲು ಬಿದ್ದಿದೆ. ಮುರಿಗೆಪ್ಪ ಜೈಲಿನಲ್ಲಿ. ಸಾಲದು ನನಗೆ. ಅತ್ತೆ ಏಳು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಮಗನಿಗೆ ತಲೆ ತಿರುಗಿದ್ದನ್ನು ಬಸದಿಯಲ್ಲಿ ಕಣ್ಣಾರೆ ಕಂಡವರು ಅವರು. ಅವರ ಹೇಳಿಕೆಗೆ ಸಹಿ ಬೇಕು ಎಂದು ಠಾಣೆಯಿಂದ ಕಾಗದ ಬಂದಿದೆ. ಅತ್ತೆ ಮುಟ್ಟಿಲ್ಲ.
ಈಗಷ್ಟೇ ಮುರಿಗೆಪ್ಪನ ಅಣ್ಣ ಬಂದಿದ್ದ. ಕೇಸು ವಾಪಸ್ ತಗೊಂಡರೆ ನಿಮ್ಮ ಮನೆತನದ ಮರ್ಯಾದೆ ಉಳಿಯುತ್ತದೆ ಎಂದ. ಅತ್ತೆ ಹೊರಗೆ ಬಂದರು.
"ನನ್ನ ಮಗಗ ಏನ ಆಗಿತ್ತಂತ ಊರಿಗೆಲ್ಲ ಗೊತ್ತಾಗೇತಿ. ಇನ್ನ ನನಗ ಯಾರ ಅಂಜಿಕೀನೂ ಇಲ್ಲ. ಹೋಗ್ರಿ."
ಬಾಗಿಲು ಹಾಕಿ, ಬರೆಯುತ್ತಾ ಕುಳಿತ ನನ್ನ ಹತ್ತಿರ ಬಂದು ನಿಂತಿದ್ದಾರೆ. ಕೈಯಲ್ಲಿ ಆ ಕಾಗದ.
"ಸಹಿ ಎಲ್ಲಿ ಮಾಡಬೇಕ?"
ಮನೆಯಲ್ಲಿ ಇರುವುದು ನಾನು ಬರೆಯುತ್ತಿರುವ ಇದೊಂದೇ ಪೆನ್ನು. ಕೊಡುತ್ತಿದ್ದೇ—