ಹೊಸ ಗೋಡೆಗೆ ಹಳೆ ಹಲಗೆ

ಹೊಸನಗರ
12-2-2025

ಪ್ರೀತಿಯ ಅತ್ತೆಗೆ ಮೇಘನಾಳ ನಮಸ್ಕಾರ.

ಮೊಣಕಾಲಿನ ನೋವು ಹೇಗಿದೆ? ತೀರ್ಥಹಳ್ಳಿಯಲ್ಲಿ ರಕ್ಷಾ ಮಗಳಾದ್ದರಿಂದ ಗದರಿಸಿಯಾದರೂ ಮಾತ್ರೆ ನುಂಗಿಸುತ್ತಾಳೆ. ಸೊಸೆಗೆ ಆ ಧೈರ್ಯವಿಲ್ಲ. ನೀವು ಫೋನ್ ಎತ್ತುತ್ತಿಲ್ಲ, ಹಾಗಾಗಿ ಈ ಕಾಗದವನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ. ಸಿಟ್ಟು ಮಗನ ಮೇಲಿರಲಿ, ನನ್ನ ಮೇಲೇಕೆ?

ಆ ಮಗನ ಸಂಗತಿ ಕೇಳಿ. ಮಾಣಿ ಅಣೆಕಟ್ಟೆಯ ನೀರಿಗೆ ಹಳೆ ಮನೆ ಮುಳುಗುವ ಮೊದಲು ನೀವೂ ಮಾವನೂ ಅಟ್ಟದಿಂದ ಕಿತ್ತು ಗಾಡಿಯಲ್ಲಿ ತಂದ ಹಲಸಿನ ಹಲಗೆಗಳನ್ನು ನಿಮ್ಮೆದುರೇ ಗುಜರಿ ಅಂದು, ನೀವು ಬೇಸರದಲ್ಲಿ ಬಸ್ಸು ಹತ್ತುವಂತೆ ಮಾಡಿದ ಮಹಾರಾಯರು ಮರುದಿನವೇ ಶಿವಮೊಗ್ಗದಿಂದ ಹೊಸ ಹಲಗೆ ತರಿಸಿದರು. ಯಾಕೆ ಗೊತ್ತೇ? ಜಗಲಿಯ ಗೋಡೆಗೆ ಹಳೆ ಮರದ ಕಳೆ ಬರಬೇಕಂತೆ. ಮರಗೆಲಸದ ಕಾಂತರಾಜ್ ನಲವತ್ತು ವರ್ಷ ಮರವನ್ನು ನುಣುಪು ಮಾಡಿದವನು. ಅವನ ಕೈಗೆ ಸರಪಳಿ ಕೊಟ್ಟು ಹಲಗೆಗೆ ಬಾರಿಸು ಎಂದರು. ತಂತಿ ಬ್ರಷ್ಷಿನಲ್ಲಿ ಕೆರೆಸಿದರು, ಚಹಾ ಡಿಕಾಕ್ಷನ್ ಬಳಿಸಿದರು, ಹುಳು ತಿಂದ ಹಾಗೆ ಕಾಣಲೆಂದು ಡ್ರಿಲ್ಲಿನಲ್ಲಿ ತೂತು ಕೊರೆಸಿದರು. ಮೂರು ದಿನ ನನ್ನ ಚಹಾಪುಡಿಯೆಲ್ಲ ಗೋಡೆಗೇ ಹೋಯಿತು, ಬಂದವರಿಗೆ ಮಜ್ಜಿಗೆ ಕೊಟ್ಟೆ. ಕಾಂತರಾಜ್ ಹೊರಡುವಾಗ, "ಅಮ್ಮಾ, ಇದ್ನ ನಾ ಮಾಡಿದ್ದು ಅಂತ ಯಾರಿಗೂ ಹೇಳ್ಬೇಡಿ" ಅಂದ. ಪಾಪ ಅನಿಸಿತು.

ನಿನ್ನೆ ನಾನು ಪೇಟೆಗೆ ಹೋಗಿದ್ದೆ, ಇವರೂ ಮನೆಯಲ್ಲಿರಲಿಲ್ಲ. ಪಕ್ಕದ ಮನೆ ಕನ್ನಮ್ಮ ಮೊಸರಿನ ಹೆಪ್ಪು ಕೇಳಲು ಬಂದವರು ಆ ತೂತುಗಳನ್ನು ನೋಡಿದ್ದಾರೆ. ಹೊಸ ಹಲಗೆಗೆ ಹುಳು ಹತ್ತಿತಲ್ಲ ಎಂದು ಮರುಗಿ, ತಮ್ಮ ಮನೆಯಿಂದ ಹುಳುವಿಗೆ ಹಚ್ಚುವ ಕರಿ ಗೇರೆಣ್ಣೆ ತಂದು, ಕೋಲಿಗೆ ಬಟ್ಟೆ ಸುತ್ತಿ, ಒಂದೂ ತೂತು ಬಿಡದೆ ಬಳಿದು ಹೋಗಿದ್ದಾರೆ. ಗೋಡೆ ಈಗ ಬಚ್ಚಲೊಲೆಯ ಬಾಯಿಯ ಹಾಗಿದೆ. ಉಪಕಾರ ಮಾಡಿದವರನ್ನು ಬೈಯುವುದಾದರೂ ಹೇಗೆ? ಇವರು ರಾತ್ರಿ ಊಟ ಬಿಟ್ಟರು. ನಾನು ಎರಡು ಸಲ ಬಡಿಸಿಕೊಂಡೆ.

ನೀವಿಲ್ಲದೆ ನಿಜಕ್ಕೂ ಬೇಸರ, ಅತ್ತೆ. ಇವರನ್ನು ಬೈಯಲು ನನಗೆ ಜೊತೆಯಿಲ್ಲ. ರಕ್ಷಾಳಿಗೂ ಮಕ್ಕಳಿಗೂ ಕೇಳಿದೆನೆಂದು ಹೇಳಿ.

ನಿಮ್ಮ ಸೊಸೆ,
ಮೇಘನಾ

ತಾ.ಕ.: ಬಸ್ಸು ಹೊರಡುವ ಹೊತ್ತಾಯಿತು. ಇವತ್ತು ಬೆಳಿಗ್ಗೆ ಇವರು ಕೊಟ್ಟಿಗೆಗೆ ಹೋಗಿ ನಿಮ್ಮ ಹಲಗೆಗಳ ಧೂಳು ಒರೆಸಿ ನೋಡಿ, "ನಂಗೆ ಬೇಕಿದ್ದದ್ದು ಇದೇ" ಅಂದರು. ಒಂದೊಂದಡಿಗೆ ಕೊಯ್ಯಿಸಿ ಗೋಡೆಗೆ ಹೊಡೆಸುತ್ತಾರಂತೆ. ಭಾನುವಾರ ಗರಗಸ ಬರುತ್ತದೆ. ಬೇಡವೆಂದರೆ ನಿನಗೇನು ಗೊತ್ತು ಅನ್ನುತ್ತಾರೆ. ಗುಜರಿ ಅನ್ನುತ್ತಿದ್ದಾಗಲೇ ಅವು ಕ್ಷೇಮವಾಗಿದ್ದವು. ಶನಿವಾರವೇ ಬನ್ನಿ. ಮಗನ ಹತ್ತಿರ ಮಾತು ಬಿಟ್ಟಿದ್ದರೆ ಬಿಟ್ಟೇ ಇರಲಿ. ಸುಮ್ಮನೆ ಬಂದು ಆ ಹಲಗೆಗಳ ಮೇಲೆ ಕೂತುಬಿಡಿ.